ನನ್ನ ತಮ್ಮ ಸದಾ ಡೂಮ್ ಮೆಟಲ್ ಕೇಳುತ್ತಾನೆ, ಅದರಲ್ಲಿ ಅಂಥದ್ದೇನಿದೆ?

ನಿಮ್ಮ ತಮ್ಮ ರೂಮಿನ ಲೈಟ್ ಆರಿಸಿ, ಯಾರೂ ಹೆಸರು ಕೇಳಿರದ ಬ್ಯಾಂಡುಗಳ ಡೂಮ್ ಮೆಟಲ್ ಹಾಕಿಕೊಂಡು ಕೂರುತ್ತಾನೆ, ಎಲ್ಲ ಹಾಡೂ ಹೆಣ ಹೊತ್ತು ನಡೆದಷ್ಟು ನಿಧಾನ, ಅವನಿಗೆ ಇದರಲ್ಲಿ ಸಿಗುವುದಾದರೂ ಏನು, ನಾನೂ ಕೇಳಿ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಡೂಮ್ ಮೆಟಲ್ ಅಂದರೆ ಹೆವಿ ಮೆಟಲ್ ಅನ್ನುವ ಗಡಸು ರಾಕ್ ಸಂಗೀತದ ತೀರಾ ನಿಧಾನದ, ಭಾರದ ಶಾಖೆ. ಈ ಸಂಗೀತ ನನಗೆ ತುಂಬಾ ಬೇಕಾದದ್ದು, ಹಾಗಾಗಿ ಉತ್ತರ ಉದ್ದವಾಗುತ್ತದೆ.

ತಲೆಬುರುಡೆ, ಶಿಲುಬೆ, ಸ್ಮಶಾನದ ಚಿತ್ರಗಳನ್ನು ಮೊದಲು ಪಕ್ಕಕ್ಕಿಡಿ. ಅವು ಬೇರೆ ಬಗೆಯ ಮೆಟಲ್‌ನಲ್ಲೂ ಧಾರಾಳವಾಗಿವೆ, ಅಲ್ಲಿ ಯಾರಿಗೂ ಎದೆ ಭಾರವಾಗುವುದಿಲ್ಲ. ಡೂಮ್‌ನ ಕತ್ತಲು ಇರುವುದು ಅದು ಹೊತ್ತನ್ನು ಬಳಸುವ ರೀತಿಯಲ್ಲಿ. ಒಂದು ಸ್ವರವನ್ನು ಮೀಟಿದ ಮೇಲೆ ಅದು ತುಂಬಿಕೊಂಡು, ನಡುಗಿ, ಸವೆದು ಹೋಗುವ ತನಕ ನಿಮ್ಮನ್ನು ಎಬ್ಬಿಸದೆ ಅದರ ಜೊತೆ ಕೂರಿಸುತ್ತದೆ. ಮುಂದಿನ ಪೆಟ್ಟು ಬರುತ್ತದೆ ಅಂತ ಗೊತ್ತು, ಬೇಗ ಬರುವುದಿಲ್ಲ ಅಂತಲೂ ಗೊತ್ತು. ಆ ನಡುವಿನ ಹೊತ್ತಿನಲ್ಲಿ ಮನಸ್ಸಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕೆಲವರಿಗೆ ಇದು ಹಿಂಸೆ. ನನ್ನಂಥವರಿಗೆ, ಬಹುಶಃ ನಿಮ್ಮ ತಮ್ಮನಿಗೂ, ಇದು ದೊಡ್ಡ ಬಿಡುಗಡೆ.

ಇದೆಲ್ಲದರ ಮೂಲ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅಲ್ಲಿನ ಆಸ್ಟನ್ ಎಂಬ ಕಾರ್ಖಾನೆ ಕೆಲಸಗಾರರ ಬಡಾವಣೆಯ ನಾಲ್ಕು ಹುಡುಗರ ಬ್ಯಾಂಡ್ ಬ್ಲ್ಯಾಕ್ ಸಬ್ಬತ್. ಅವರ ಮೊದಲ ರೆಕಾರ್ಡು 1970ರ ಫೆಬ್ರುವರಿ 13, ಶುಕ್ರವಾರ ಹೊರಬಂತು. ಹಾಡಿಕೆ, ನುಡಿಸಾಣಿಕೆ ಎಲ್ಲ ಒಂದೇ ದಿನದಲ್ಲಿ ಮುಗಿದಿತ್ತು. ಹೊದಿಕೆಯ ಮೇಲೆ ಆಕ್ಸ್‌ಫರ್ಡ್‌ಶೈರ್‌ನ ಒಂದು ಹಳೆಯ ನೀರ್ಗಿರಣಿ, ಅದರ ಮುಂದೆ ಕಪ್ಪು ನಿಲುವಂಗಿ ತೊಟ್ಟ ಹೆಂಗಸು. ಸೂಜಿ ಇಟ್ಟರೆ ಮಳೆ, ಗುಡುಗು, ದೂರದ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ತಾರ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಆ ಕೊನೆಯ ಸ್ವರದ ಮೇಲೆ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿಯ ಬೆರಳು ನಡುಗುತ್ತಾ ನಿಲ್ಲುತ್ತದೆ. ಎಲ್ಲೂ ಹೋಗಿ ನೆಲೆಗೊಳ್ಳುವುದಿಲ್ಲ, ಮತ್ತೆ ಮೊದಲಿಂದ.

ಈ ಅಂತರವನ್ನು ಸೈತಾನನ ಸ್ವರ ಅಂತ ಯುರೋಪಿನಲ್ಲಿ ಕರೆಯುತ್ತಿದ್ದರು. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ, ಅದಕ್ಕೆ ಗಟ್ಟಿ ಆಧಾರವಿಲ್ಲ. ನನಗಂತೂ ಆ ಕಥೆ ಬೇಕೂ ಇಲ್ಲ. ಕಲ್ಯಾಣಿ ರಾಗದಲ್ಲೂ ಇರುವುದು ಅದೇ ಪ್ರತಿಮಧ್ಯಮ. ಮದುವೆ ಮನೆಯ ನಾಗಸ್ವರದಲ್ಲಿ ಕಲ್ಯಾಣಿ ಕೇಳಿ ಯಾರೂ ಹೆದರಿದ್ದಿಲ್ಲ. ಅಲ್ಲಿ ಆ ಸ್ವರಕ್ಕೆ ಮುಂದೆ ಪಂಚಮದ ಆಸರೆಯಿದೆ, ಹಿಂದೆ ಗಾಂಧಾರವಿದೆ, ಬಂದು ಹೋಗಲು ದಾರಿಯಿದೆ. ಅಯೋಮಿ ಆ ದಾರಿಗಳನ್ನೆಲ್ಲ ತೆಗೆದುಹಾಕಿ ಸ್ವರವನ್ನು ಒಂಟಿಯಾಗಿ ನಿಲ್ಲಿಸಿಬಿಟ್ಟ. ಭಯ ಹುಟ್ಟಿದ್ದು ಅಲ್ಲಿಂದ.

ಅಯೋಮಿಯ ಕೈಯ ವಿಷಯ ನಿಮಗೆ ಹೇಳಲೇಬೇಕು. ಹದಿನೇಳನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಆತ ಎಡಚ, ಹಾಗಾಗಿ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ತೊಗಲಿನ ಚೂರು ಅಂಟಿಸಿಕೊಂಡ, ತೆಳ್ಳನೆಯ ತಂತಿ ಕಟ್ಟಿಕೊಂಡ. 1971ರಲ್ಲಿ ಬಂದ ಮೂರನೇ ರೆಕಾರ್ಡಿನ ಹಲವು ಹಾಡುಗಳಿಗೆ ಗಿಟಾರನ್ನು ಮೂರು ಸ್ವರಸ್ಥಾನ ಕೆಳಗಿಳಿಸಿ ಶ್ರುತಿ ಮಾಡಿದ. ತಂತಿ ಸಡಿಲಾದರೆ ನೊಂದ ಬೆರಳಿಗೆ ಆರಾಮ. ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82ರಿಂದ 69ಕ್ಕೆ ಇಳಿಯಿತು, ದನಿ ನೆಲಕ್ಕೆ ಹತ್ತಿರವಾಯಿತು. ಇವತ್ತು ಡೂಮ್ ನುಡಿಸುವ ಬಹಳಷ್ಟು ಜನ ಆ ಕೆಳಗಿನ ಶ್ರುತಿಯಲ್ಲೋ ಅದಕ್ಕಿಂತ ಇನ್ನೂ ಕೆಳಗೋ ನುಡಿಸುತ್ತಾರೆ. ಗಾಯವಾದ ಒಂದು ಕೈಗೆ ಬೇಕಾದ ಅನುಕೂಲದಿಂದ ಇಡೀ ಪ್ರಕಾರದ ದನಿ ಬಂತು ಅನ್ನುವುದು ನನ್ನನ್ನು ಈಗಲೂ ಕಲಕುತ್ತದೆ.

ಹಾಗಾದರೆ ಡೂಮ್ ಯಾಕೆ ಹೆಚ್ಚು ಜನರಿಗೆ ತಲುಪದೆ ಮರೆಯಲ್ಲೇ ಉಳಿಯಿತು? ಉಳಿದವರೆಲ್ಲ ಓಡತೊಡಗಿದಾಗ ಇವರು ನಿಂತುಬಿಟ್ಟರು, ಅದಕ್ಕೆ. 1986ನ್ನೇ ತೆಗೆದುಕೊಳ್ಳಿ. ಅಮೆರಿಕದ ಬ್ಯಾಂಡ್ ಸ್ಲೇಯರ್ ಆ ವರ್ಷ ಅರ್ಧ ಗಂಟೆಯೂ ತುಂಬದ, ಮಿಂಚಿನ ವೇಗದ ರೆಕಾರ್ಡು ತಂದು ಮೆಟಲ್ ಲೋಕವನ್ನೇ ಅಲುಗಾಡಿಸಿತು. ಅದೇ ವರ್ಷ ಸ್ವೀಡನ್ನಿನ ಕ್ಯಾಂಡಲ್‌ಮಾಸ್ ತನ್ನ ಮೊದಲ ರೆಕಾರ್ಡು 'ಎಪಿಕಸ್ ಡೂಮಿಕಸ್ ಮೆಟಾಲಿಕಸ್' ತಂದಿತು. ಹೊರತಂದದ್ದು ಫ್ರಾನ್ಸಿನ ಒಂದು ಸಣ್ಣ ಲೇಬಲ್, ಅಂದರೆ ರೆಕಾರ್ಡು ಕಂಪನಿ; ಹಾಡಿದ್ದು ಬ್ಯಾಂಡಿನ ಸದಸ್ಯನೂ ಅಲ್ಲದ ಗಾಯಕ ಯೋಹಾನ್ ಲ್ಯಾಂಗ್‌ಕ್ವಿಸ್ಟ್. ಮಾರಾಟವಾಗಲಿಲ್ಲ, ಲೇಬಲ್ ಕೈಬಿಟ್ಟಿತು. ಈ ಪ್ರಕಾರಕ್ಕೆ ಡೂಮ್ ಅನ್ನುವ ಹೆಸರು ಗಟ್ಟಿಯಾಗಲು ಆ ರೆಕಾರ್ಡಿನ ಪಾಲು ದೊಡ್ಡದು. ಲಾಸ್ ಏಂಜಲೀಸ್‌ನ ಸೇಂಟ್ ವೈಟಸ್ ಕಥೆಯೂ ಹೀಗೆಯೇ. ಪಂಕ್ ಅನ್ನುವ ವೇಗದ ರಾಕ್ ಸಂಗೀತದ ಲೇಬಲ್ಲಿನಲ್ಲಿದ್ದುಕೊಂಡು, ವೇಗಕ್ಕಾಗಿ ಬಂದ ಪಂಕ್ ಹುಡುಗರ ಮುಂದೆ ನಿಧಾನವಾಗಿ ನುಡಿಸಿದವರು. ಮೆಚ್ಚುವವರು ಎದುರಿಗಿಲ್ಲ ಅಂತ ಗೊತ್ತಿದ್ದೂ ವೇಗ ಹೆಚ್ಚಿಸಲಿಲ್ಲ. ಈ ಹಟ ಡೂಮ್ ರೆಕಾರ್ಡುಗಳಲ್ಲಿ ಕೇಳಿಸುತ್ತದೆ. ಯಾರನ್ನೂ ಒಲಿಸಿಕೊಳ್ಳಲು ಹೊರಟ ಸಂಗೀತ ಇದಲ್ಲ.

ಧಾರವಾಡದ ಕಡೆಯವರಾದರೆ ನಿಮಗೆ ಬೇಗ ಅರ್ಥವಾಗುತ್ತದೆ. ಹಿಂದೂಸ್ತಾನಿ ಗಾಯನದಲ್ಲಿ, ಅತಿ ವಿಲಂಬಿತದಲ್ಲಿ ಏಕತಾಳದ ಒಂದು ಆವರ್ತನ ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯಬಹುದು. ಸಮ್‌ಗೆ, ಅಂದರೆ ಆವರ್ತನದ ಮೊದಲ ಪೆಟ್ಟಿಗೆ, ಕಾಯುವುದೇ ಅಲ್ಲಿನ ಸುಖ. ಆದರೆ ಖ್ಯಾಲ್ ಗಾಯನ ಕೊನೆಗೆ ವೇಗದ ಲಯವಾದ ದ್ರುತ್‌ಗೆ ಏರುತ್ತದೆ, ಕೇಳುಗನನ್ನು ಹಗುರ ಮಾಡಿ ಮನೆಗೆ ಕಳಿಸುತ್ತದೆ. ಡೂಮ್ ಹಾಗೆ ಮಾತು ಕೊಡುವುದಿಲ್ಲ. ಅದರಲ್ಲೂ ಫ್ಯೂನರಲ್ ಡೂಮ್ ಅನ್ನುವ ಶಾಖೆಯಲ್ಲಿ ನಿಧಾನವಾಗಿ ಶುರುವಾದದ್ದು ನಿಧಾನವಾಗಿಯೇ ಮುಗಿಯುತ್ತದೆ. ಇದನ್ನು ನುಡಿಸುವುದು ಸುಲಭ ಅಂದುಕೊಳ್ಳಬೇಡಿ. ಎರಡು ಪೆಟ್ಟುಗಳ ನಡುವೆ ಕೈ ಹಿಡಿದು ನಿಲ್ಲುವುದು ಡ್ರಮ್ಮರ್‌ಗೆ ದೊಡ್ಡ ಪರೀಕ್ಷೆ. ವೇಗದಲ್ಲಿ ಕೂದಲೆಳೆಯಷ್ಟು ತಪ್ಪು ಮುಚ್ಚಿಹೋಗುತ್ತದೆ, ಇಲ್ಲಿ ಎಲ್ಲರಿಗೂ ಕಾಣುತ್ತದೆ.

ಇನ್ನು ನನ್ನ ಮನಸ್ಸಿಗೆ ತೀರಾ ಹತ್ತಿರದ ರೆಕಾರ್ಡು: ಅಮೆರಿಕದ ಸಿಯಾಟಲ್‌ನ ಬೆಲ್ ವಿಚ್ 2017ರಲ್ಲಿ ತಂದ 'ಮಿರರ್ ರೀಪರ್'. ಇಡೀ ರೆಕಾರ್ಡು ಒಂದೇ ಹಾಡು, 83 ನಿಮಿಷ. ಗಿಟಾರ್ ಇಲ್ಲ. ಡಿಲನ್ ಡೆಸ್ಮಂಡ್‌ನ ಬೇಸ್ ಎಂಬ ಕೆಳದನಿಯ ತಂತಿವಾದ್ಯ, ಜೆಸ್ಸಿ ಶ್ರೈಬ್‌ಮನ್‌ನ ಡ್ರಮ್ ಮತ್ತು ಆರ್ಗನ್, ಅಲ್ಲಲ್ಲಿ ಕಂಠ, ಅಷ್ಟೇ. ಹಾಡು ಇನ್ನೂ ಕಟ್ಟುತ್ತಿದ್ದಾಗ, 2016ರಲ್ಲಿ, ಬ್ಯಾಂಡಿನ ಹಿಂದಿನ ಡ್ರಮ್ಮರ್ ಏಡ್ರಿಯನ್ ಗೆರ್ರಾ ತೀರಿಕೊಂಡ. ಹಿಂದಿನ ರೆಕಾರ್ಡಿಗಾಗಿ ಅವನು ಹಾಡಿ, ಬಳಸದೆ ಉಳಿದಿದ್ದ ಕಂಠವನ್ನು ಗೆಳೆಯರು ಈ ಹಾಡಿನ ನಡುವೆ ಇಟ್ಟಿದ್ದಾರೆ. ಅರ್ಧ ದಾರಿ ಕ್ರಮಿಸಿ ದಣಿದಿರುತ್ತೀರಿ, ಆಗ ಸತ್ತವನ ದನಿ ಬರುತ್ತದೆ. ಹಿನ್ನೆಲೆ ತಿಳಿಯದೆ ಕೇಳಿದಾಗಲೂ ಆ ಜಾಗದಲ್ಲಿ ನನ್ನ ಮೈ ಜುಮ್ಮೆಂದಿತ್ತು.

ನನ್ನನ್ನು ಸಾಕಿ ಬೆಳೆಸಿದ ಸೋದರಮಾವ ತೀರಿಕೊಂಡ ವರ್ಷ ಈ ರೆಕಾರ್ಡು ನನ್ನ ಜೊತೆಗಿತ್ತು. ನಮ್ಮಲ್ಲಿ ಹದಿಮೂರನೇ ದಿನ ಸಿಹಿಯೂಟ ಬಡಿಸಿ, ಇನ್ನು ಆಯಿತಪ್ಪ, ಕೆಲಸಕ್ಕೆ ಹೋಗು ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಕೆಲಸಕ್ಕೂ ಹೋದೆ. ದುಃಖ ಮಾತ್ರ ತನ್ನ ಪಾಡಿಗೆ ತನ್ನ ನಡಿಗೆಯಲ್ಲೇ ಬರುತ್ತಿತ್ತು. ಆಗ ನನಗೆ ಸಮಾಧಾನ ಹೇಳುವ ಹಾಡು ಬೇಕಿರಲಿಲ್ಲ, ಅವಸರ ಮಾಡದ ಹಾಡು ಬೇಕಿತ್ತು. ಈ ಸಂಗೀತದ ಸೆಳೆತ ಯಾವುದು ಅಂದರೆ ನನ್ನ ಉತ್ತರ ಇದೇ. ಬೇರೆ ಸಂಗೀತ ಮೂರು ನಿಮಿಷದಲ್ಲಿ ಸಂಕಟವನ್ನು ಹಾಡಿ ಮುಗಿಸುತ್ತದೆ, ಡೂಮ್ ಸಂಕಟಕ್ಕೆ ಅದು ಕೇಳಿದಷ್ಟು ಹೊತ್ತು ಕೊಡುತ್ತದೆ.

ಕತ್ತಲಿನ ಇನ್ನೊಂದು ಕಾರಣ ಧ್ವನಿಮುದ್ರಣ. ಫಿನ್ಲೆಂಡಿನ ರೀಹಿಮ್ಯಾಕಿ ಎಂಬ ಊರಿನ ಸ್ಕೆಪ್ಟಿಸಿಸಂ 1995ರಲ್ಲಿ ತಂದ 'ಸ್ಟಾರ್ಮ್‌ಕ್ರೋಫ್ಲೀಟ್' ಕೇಳಿ. ಬೇಸ್ ನುಡಿಸುವವರೇ ಇಲ್ಲ, ಆ ಜಾಗವನ್ನು ಚರ್ಚಿನ ಆರ್ಗನ್ ದನಿಯ ಕೀಬೋರ್ಡ್ ತುಂಬುತ್ತದೆ. ಡ್ರಮ್ ಎಲ್ಲೋ ದೂರದಲ್ಲಿ, ಗಿಟಾರ್ ಮಂಜು ಕವಿದಂತೆ ಮಸುಕು, ಕಂಠ ನೆಲದಡಿಯಿಂದ. ಸ್ಟುಡಿಯೋ ಲೆಕ್ಕದಲ್ಲಿ ಇವೆಲ್ಲ ದೋಷಗಳು. ಆದರೆ ದನಿಗಳ ಅಂಚು ಅಳಿಸಿಹೋದಾಗ ಕಿವಿ ತಾನೇ ಹುಡುಕಲು ಶುರು ಮಾಡುತ್ತದೆ, ಆ ಹುಡುಕಾಟದಲ್ಲಿ ಒಂದು ವಿಶಾಲ ಖಾಲಿ ಜಾಗ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದೇ ದೇಶದ ಥರ್ಗೋಥಾನ್ ಇನ್ನೂ ಮೊದಲೇ ಈ ದಾರಿ ತೋರಿಸಿತ್ತು. ಅವರ ಒಂದೇ ಒಂದು ಪೂರ್ಣ ರೆಕಾರ್ಡು 1994ರಲ್ಲಿ ಇಟಲಿಯ ಸಣ್ಣ ಲೇಬಲ್ಲಿನಿಂದ ಬರುವ ಹೊತ್ತಿಗೆ ಬ್ಯಾಂಡೇ ಮುಗಿದುಹೋಗಿತ್ತು. ಕ್ಯಾಸೆಟ್ ನಕಲು ಮಾಡಿ ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸುತ್ತಿದ್ದ ಅಭಿಮಾನಿಗಳು ಇಲ್ಲದಿದ್ದರೆ ಇಂಥ ಸಂಗೀತ ಇವತ್ತು ನಿಮ್ಮ ತಮ್ಮನ ರೂಮಿಗೆ ತಲುಪುತ್ತಿರಲಿಲ್ಲ.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಡೈಯಿಂಗ್ ಎಂಬ್ರೇಸ್ ಎಂಬ ಬ್ಯಾಂಡ್ 1990ರ ದಶಕದಲ್ಲೇ ಇಲ್ಲಿ ಡೆತ್ ಮೆಟಲ್ ಅನ್ನುವ ಉಗ್ರ ಶಾಖೆಯನ್ನು ಡೂಮ್ ಜೊತೆ ಬೆರೆಸಿ ನುಡಿಸುತ್ತಿತ್ತು. ಬೇವರ್ ಸೀ 2012ರಲ್ಲಿ ಮೊದಲ ರೆಕಾರ್ಡು ತಂದಿತು, ಅಯೋಮಿಯ ನೇರ ಮೊಮ್ಮಕ್ಕಳು ಅನ್ನಿಸುವಂಥ ರಿಫ್‌ಗಳು, ಅಂದರೆ ಮತ್ತೆ ಮತ್ತೆ ಮರಳುವ ಗಿಟಾರ್ ತುಣುಕುಗಳು. ಜಿನ್ ಅಂಡ್ ಮಿಸ್ಕಟಾನಿಕ್ ತನ್ನ ಮೊದಲ ರೆಕಾರ್ಡನ್ನು ಗಿಟಾರ್ ಇಲ್ಲದೆ, ಬೇಸ್, ಡ್ರಮ್, ಕಂಠ ಇಷ್ಟರಿಂದಲೇ ಮಾಡಿತು. ಇವರ ಕಾರ್ಯಕ್ರಮವಿದ್ದರೆ ತಮ್ಮನನ್ನು ಕರೆದುಕೊಂಡು ಹೋಗಿ. ಆ ಕೆಳಗಿನ ದನಿ ಎದೆಗೂಡಿಗೆ ಬಡಿಯುವುದು ಮೊಬೈಲಿನಲ್ಲಿ ಸಿಗುವುದಿಲ್ಲ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ, ಅಲ್ಲಿನ ಸದ್ದು ನಿಜಕ್ಕೂ ಜೋರು.

ಅಂದಹಾಗೆ, ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಆತಂಕವೂ ಕಂಡಿತು. ಅವನು ಲೈಟ್ ಆರಿಸಿ ಕೂರುವುದಕ್ಕೆ ಗಾಬರಿಯಾಗಬೇಡಿ. ಸ್ವರ ಸವೆಯುವುದನ್ನು ಪೂರ್ತಿ ಕೇಳಬೇಕಾದರೆ ಕಣ್ಣಿಗೆ ಕೆಲಸ ಕಡಿಮೆ ಮಾಡಬೇಕು, ನಾನೂ ಹಾಗೇ ಮಾಡುತ್ತೇನೆ. ಊಟ, ನಿದ್ದೆ, ಮಾತು ಬಿಟ್ಟಿದ್ದಾನೆ ಅನ್ನಿಸಿದರೆ ಅದು ಬೇರೆ ವಿಷಯ. ಆಗ ಹತ್ತಿರ ಕೂತು ವಿಚಾರಿಸಿ, ಬೇಕಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರೆಕಾರ್ಡುಗಳನ್ನು ದೂರಿ ಪ್ರಯೋಜನವಿಲ್ಲ.

ಎಲ್ಲಿಂದ ಶುರು ಮಾಡುವುದು? ಬ್ಲ್ಯಾಕ್ ಸಬ್ಬತ್‌ನ ಮೊದಲ ರೆಕಾರ್ಡಿನ ಮೊದಲ ಹಾಡು, ಆಮೇಲೆ ಕ್ಯಾಂಡಲ್‌ಮಾಸ್. ಕಿವಿ ಸ್ವಲ್ಪ ಪಳಗಿದ ಮೇಲೆ ಇಂಗ್ಲೆಂಡಿನ ವಾರ್ನಿಂಗ್ ಬ್ಯಾಂಡಿನ 2006ರ 'ವಾಚಿಂಗ್ ಫ್ರಂ ಎ ಡಿಸ್ಟೆನ್ಸ್'. ಐದೇ ಹಾಡು, ಒಂದೂ ಭೂತಪ್ರೇತವಿಲ್ಲ. ಪ್ಯಾಟ್ರಿಕ್ ವಾಕರ್ ಅರಚುವುದಿಲ್ಲ, ಬಿಚ್ಚು ದನಿಯಲ್ಲಿ ಮುರಿದ ಸಂಬಂಧಗಳ ಬಗ್ಗೆ ಹಾಡುತ್ತಾನೆ, ಹಿಂದೆ ಬೆಟ್ಟದಷ್ಟು ಭಾರದ ಗಿಟಾರ್. ಅರಚುವ ಕಂಠ ಸಹಿಸದವರಿಗೂ ಇದು ತಟ್ಟುತ್ತದೆ. ಬೆಲ್ ವಿಚ್ ಕೊನೆಗಿರಲಿ, ಅದಕ್ಕೊಂದು ಪೂರ್ತಿ ಸಂಜೆ ಬೇಕು. ಬಸ್ಸಿನಲ್ಲಿ, ಅಡುಗೆ ಮಾಡುತ್ತಾ ಕೇಳಿದರೆ ಇವು ಯಾವುವೂ ದಕ್ಕುವುದಿಲ್ಲ. ಸ್ಟಾರ್ಮ್‌ಕ್ರೋಫ್ಲೀಟ್‌ಗೆ 2018ರಲ್ಲಿ ಹೊಸದಾಗಿ ಹದಗೊಳಿಸಿದ ಆವೃತ್ತಿ ಬಂದಿದೆ, ಅದರಲ್ಲಿ ವಾದ್ಯಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಆದರೂ ಮೊದಲ ಸಲಕ್ಕೆ 1995ರ ಮಸುಕು ಆವೃತ್ತಿಯನ್ನೇ ಹುಡುಕಿ ಹಾಕಿ, ಅದು ನಿಮ್ಮ ತಮ್ಮನ ಹತ್ತಿರ ಇದ್ದೇ ಇರುತ್ತದೆ.