ಪ್ರತಿಕ್ರಿಯೆ: ಲಂಗರು ಹಾಕಿದ ದೋಣಿಗೆ ದಡದ ವೈ-ಫೈ

ಕಾರವಾರದ ಕೊಲ್ಲಿಯಲ್ಲಿ ದಡದಿಂದ ಸುಮಾರು 500 ಮೀಟರ್ ದೂರದಲ್ಲಿ ಲಂಗರು ಹಾಕಿದಾಗ ಮನೆಯ ವೈ-ಫೈ ಹೆಸರು ಫೋನಿನಲ್ಲಿ ಕಾಣಿಸಿದರೂ ಸಂಪರ್ಕ ಉಳಿಯುವುದಿಲ್ಲ, ದೊಡ್ಡ ಆಂಟೆನಾ ಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಹೆಸರು ಕಾಣಿಸುತ್ತದೆಂದರೆ ದಡದ ರೂಟರಿನ ಮಾತು ನಿಮಗೆ ಕೇಳಿಸುತ್ತಿದೆ ಎಂದಷ್ಟೇ ಅರ್ಥ. ಫೋನಿನ ಕ್ಷೀಣ ಸಂಕೇತ ಅದಕ್ಕೆ ಸರಿಯಾಗಿ ಮುಟ್ಟುತ್ತಿರಲಾರದು.

ನನ್ನ ದೃಷ್ಟಿಯಲ್ಲಿ ಆಂಟೆನಾದ ಗಾತ್ರಕ್ಕಿಂತ ಅದರ ಎತ್ತರ ಮುಖ್ಯ. 2.4 ಗಿಗಾಹರ್ಟ್ಸ್ ತರಂಗವು 500 ಮೀಟರ್ ಸಾಗುವಾಗ ನಡುದಾರಿಯಲ್ಲಿ ನೇರ ರೇಖೆಯ ಸುತ್ತ ಸುಮಾರು 4 ಮೀಟರ್ ತೆರವು ಬಯಸುತ್ತದೆ, ಆದ್ದರಿಂದ ಎರಡೂ ತುದಿಗಳು ನೀರಿನಿಂದ ಅಷ್ಟು ಮೇಲಿದ್ದರೆ ಒಳ್ಳೆಯದು. ಆದರೆ ದೋಣಿಯ ಕಂಬದ ತುದಿಯಲ್ಲಿ ಆಂಟೆನಾ ಇಟ್ಟು ಕೆಳಗಿನ ರೇಡಿಯೊಗೆ (ವೈ-ಫೈ ಸಂಕೇತ ಕಳಿಸಿ ಪಡೆಯುವ ಸಾಧನ) ಉದ್ದನೆಯ ತೆಳು ಕೋಆಕ್ಸಿಯಲ್ ಕೇಬಲ್ (ಟಿವಿ ಆಂಟೆನಾದ ತಂತಿಯಂಥದು) ಎಳೆದರೆ ಗಳಿಸಿದ ಲಾಭವೆಲ್ಲ ಕೇಬಲಿನಲ್ಲೇ ಕರಗಿಹೋಗುತ್ತದೆ. ಹೊರಾಂಗಣದ ಜಲನಿರೋಧಕ ರೇಡಿಯೊವನ್ನೇ ಕಂಬಕ್ಕೆ ಕಟ್ಟಿ, ವಿದ್ಯುತ್ತು ಮತ್ತು ದತ್ತಾಂಶ ಎರಡನ್ನೂ ಒಂದೇ ಈಥರ್ನೆಟ್ ತಂತಿಯಲ್ಲಿ ಸಾಗಿಸಿ, ಕ್ಯಾಬಿನ್ನಿನೊಳಗೆ ಬೇರೊಂದು ಸಣ್ಣ ರೂಟರ್ ಇಡಿ.

ಒಂದೇ ದಿಕ್ಕಿಗೆ ಮುಖಮಾಡುವ ಆಂಟೆನಾವನ್ನು ದೋಣಿಯಲ್ಲಿ ದಯವಿಟ್ಟು ಹಾಕಬೇಡಿ, ಏಕೆಂದರೆ ಗಾಳಿ ಮತ್ತು ಉಬ್ಬರವಿಳಿತಕ್ಕೆ ದೋಣಿ ಲಂಗರಿನ ಸುತ್ತ ತಿರುಗುತ್ತಲೇ ಇರುತ್ತದೆ. ಸುತ್ತಲೂ ಹರಡುವ 5ರಿಂದ 8 ಡಿಬಿಐ (ಆಂಟೆನಾ ಸಂಕೇತವನ್ನು ಎಷ್ಟು ಒಗ್ಗೂಡಿಸುತ್ತದೆ ಎಂಬುದರ ಅಳತೆ) ಆಂಟೆನಾ ಸಾಕು. ಅದಕ್ಕಿಂತ ಹೆಚ್ಚಿನದರ ಕಿರಣ ಮೇಲೆ-ಕೆಳಗೆ ತೀರಾ ಕಿರಿದಾಗಿ, ದೋಣಿ ಓಲಾಡಿದಾಗಲೆಲ್ಲ ದಡವನ್ನು ತಪ್ಪಿಸಿಕೊಳ್ಳುತ್ತದೆ. ದಡದ ರೂಟರ್ ನಿಮ್ಮದೇ ಆಗಿರುವುದರಿಂದ ದಿಕ್ಕು ನೋಡುವ ಆಂಟೆನಾವನ್ನು ಅಲ್ಲಿ, ಕೊಲ್ಲಿಯತ್ತ ಮುಖಮಾಡಿ ಕೂರಿಸಿ. ತಂತಿ ಜೋಡಿಸುವ ಕೀಲುಗಳಿಗೆ ಜಲನಿರೋಧಕ ಟೇಪು ಸುತ್ತುವುದನ್ನು ಮರೆಯಬೇಡಿ, ಉಪ್ಪುಗಾಳಿ ತಾಮ್ರವನ್ನು ಬೇಗನೆ ತಿನ್ನುತ್ತದೆ.