ಪೆಟ್ರೋಲ್ ಮೋಟಾರ್‌ಹೋಮ್: ಏರು, ಇಳಿಜಾರು ಮತ್ತು ಅಡ್ಡಗಾಳಿ

ಪ್ರಶ್ನೆ: ಅಮೆರಿಕದ ಕೊಲೊರಾಡೊದಲ್ಲಿರುವ ಮಗಳು ಬರುವ ಬೇಸಿಗೆಯಲ್ಲಿ 34 ಅಡಿ ಉದ್ದದ, ಒಳಗೇ ಮನೆಯಂತೆ ವಾಸಿಸಬಹುದಾದ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದು ನಮ್ಮನ್ನು ಪರ್ವತಗಳ ಕಡೆ ಕರೆದೊಯ್ಯುವುದಾಗಿ ಹೇಳಿದ್ದಾಳೆ. ಅದು ಪೆಟ್ರೋಲ್ ಗಾಡಿಯಂತೆ. ಘಾಟಿ ಹತ್ತುವ ಡೀಸೆಲ್ ಬಸ್ಸುಗಳನ್ನಷ್ಟೇ ಕಂಡಿರುವ ನನಗೆ ಅಷ್ಟು ಭಾರವನ್ನು ಪೆಟ್ರೋಲ್ ಇಂಜಿನ್ ಎಳೆದೀತೇ ಎಂಬ ಅನುಮಾನ. ಏರಿನಲ್ಲಿ ಇಂಜಿನ್ ವಿಪರೀತ ಅರಚುತ್ತದೆಂದು ಅಳಿಯಂದಿರೂ ಹೇಳುತ್ತಾರೆ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎಳೆಯುತ್ತದೆ, ಆದರೆ ಎಳೆಯುವ ರೀತಿ ಬೇರೆ. ಅಲ್ಲಿನ ದೊಡ್ಡ ಪೆಟ್ರೋಲ್ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಿನವು ಫೋರ್ಡ್ ಕಂಪನಿಯ ಎಫ್-53 ಚಾಸಿಯ (ಇಂಜಿನ್, ಚಕ್ರಗಳಿರುವ ಅಡಿಗಟ್ಟು) ಮೇಲೆ ಕಟ್ಟಿದವು. ಹಿಂದೆ ಇವುಗಳಲ್ಲಿ 6.8 ಲೀಟರಿನ ವಿ-10 ಇಂಜಿನ್ ಇರುತ್ತಿತ್ತು. 2020ರ ಸುಮಾರಿನಿಂದ 7.3 ಲೀಟರಿನ ವಿ-8 ಬರುತ್ತಿದ್ದು, ಅದರ ಗರಿಷ್ಠ ಶಕ್ತಿ 350 ಅಶ್ವಶಕ್ತಿ. ಆದರೆ ಈ 350 ಸಿಗುವುದು ಇಂಜಿನ್ ನಿಮಿಷಕ್ಕೆ 3,900 ಸುತ್ತು ತಿರುಗಿದಾಗ ಮಾತ್ರ; 2,000 ಸುತ್ತಿನಲ್ಲಿ ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು. ಹತ್ತು ಟನ್ ತೂಕದ ಗಾಡಿಯನ್ನು ನೂರು ಅಡಿಗೆ ಆರು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೇಲೆತ್ತುವುದಕ್ಕೇ ಸುಮಾರು 130 ಅಶ್ವಶಕ್ತಿ ಬೇಕು. ಗಾಳಿಯ ತಡೆ, ಟೈರಿನ ಉರುಳು, ಗೇರ್‌ಬಾಕ್ಸಿನ ನಷ್ಟ ಇವೆಲ್ಲ ಅದರ ಮೇಲಿನ ಲೆಕ್ಕ. ಆದ್ದರಿಂದಲೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎರಡು ಗೇರ್ ಕೆಳಗಿಳಿದು ಇಂಜಿನ್ನನ್ನು ಓಡಿಸುತ್ತದೆ. ಟರ್ಬೊ (ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಡೀಸೆಲ್ ಬಸ್ಸು ಕಡಿಮೆ ಸುತ್ತಿನಲ್ಲೇ ಗುಡುಗುಡು ಎನ್ನುತ್ತ ಮಾಡುವ ಕೆಲಸವನ್ನು ಇದು ಕೂಗಿಕೊಂಡು ಮಾಡುತ್ತದೆ, ಅಷ್ಟೆ. ಸಾಲದ್ದಕ್ಕೆ ಇಂಜಿನ್ ಇರುವುದು ಚಾಲಕನ ಮತ್ತು ಪಕ್ಕದವರ ಸೀಟಿನ ನಡುವೆ, ಒಂದು ಮುಚ್ಚಳದ ಕೆಳಗೆ. ಸದ್ದಿನೊಂದಿಗೆ ಬಿಸಿಯೂ ಮೊಣಕಾಲಿಗೆ ತಾಗುತ್ತದೆ. ಅರಚಾಟಕ್ಕೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿ ನಿಧಾನವಾದೀತೇ ಹೊರತು ಇಂಜಿನ್ನಿಗೆ ಉಪಕಾರವೇನೂ ಆಗದು. ಕಣ್ಣಿಡಬೇಕಾದದ್ದು ಸದ್ದಿನ ಮೇಲಲ್ಲ, ಇಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೆ.

ನಿಮ್ಮ ಪ್ರವಾಸದಲ್ಲಿ ಗಮನಿಸಬೇಕಾದದ್ದು ಎತ್ತರ. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಅಲ್ಲಿಗೆ ತಲುಪುವ ಹೊತ್ತಿಗೆ ತನ್ನ ಶಕ್ತಿಯಲ್ಲಿ ಹತ್ತಿರಹತ್ತಿರ ಮೂರನೆಯ ಒಂದು ಭಾಗ ಕಳೆದುಕೊಂಡಿರುತ್ತದೆ. ಬಲಗಡೆಯ ಲೇನಿನಲ್ಲಿ ಲಾರಿಗಳ ಜೊತೆ ನಿಧಾನವಾಗಿ ಹತ್ತುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ನನ್ನ ಕೇಳಿದರೆ, ಏರಿಗಿಂತ ಇಳಿಜಾರಿನ ಬಗ್ಗೆ ಹೆಚ್ಚು ಯೋಚಿಸಬೇಕು. ದೊಡ್ಡ ಡೀಸೆಲ್ ಗಾಡಿಗಳಲ್ಲಿರುವ, ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದರಲ್ಲಿಲ್ಲ. ಚಕ್ರದ ಬ್ರೇಕುಗಳೂ ಬಸ್ಸಿನಂತೆ ಏರ್ ಬ್ರೇಕ್ ಅಲ್ಲ, ಕಾರಿನಂತೆ ಆಯಿಲ್ ಬ್ರೇಕ್. ಇಳಿಯುವುದಕ್ಕೆ ಮೊದಲೇ ಗೇರ್ ಲಿವರಿನ ತುದಿಯಲ್ಲಿರುವ ಟೋ-ಹಾಲ್ ಗುಂಡಿ ಒತ್ತಬೇಕು. ಆಗ ಬ್ರೇಕ್ ಮುಟ್ಟಿದೊಡನೆ ಗೇರ್ ತಾನಾಗಿ ಕೆಳಗಿಳಿದು ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ನಮ್ಮ ಘಾಟಿಯ ಡ್ರೈವರುಗಳ ಮಾತು ಅಲ್ಲಿಗೂ ಸಲ್ಲುತ್ತದೆ. ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಒತ್ತಿ ಹಿಡಿದರೆ ಆಯಿಲ್ ಕುದಿದು ಪೆಡಲ್ ನೆಲ ಮುಟ್ಟುತ್ತದೆ. ಬಲವಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡುವುದೇ ಸರಿ.

ಪ್ರಶ್ನೆ: ಕೆನಡಾದಲ್ಲಿರುವ ತಮ್ಮ ಹಳೆಯ ಪೆಟ್ರೋಲ್ ಮೋಟಾರ್‌ಹೋಮ್ ಕೊಂಡಿದ್ದಾನೆ. ಲಾರಿ ದಾಟಿದಾಗಲೆಲ್ಲ ಗಾಡಿ ಪಕ್ಕಕ್ಕೆ ಸರಿಯುತ್ತದೆ, ಸ್ಟೀರಿಂಗ್ ಹಿಡಿದು ಭುಜ ನೋಯುತ್ತದೆ ಎನ್ನುತ್ತಾನೆ. ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಬೇಕೆ?
— ಓದುಗರೊಬ್ಬರು, ಸಾಗರ

ಉತ್ತರ: ಮೊದಲು ತೂಕ ಮಾಡಿಸಲಿ. ಈ ಗಾಡಿಗಳ ಹಿಂದಿನ ಆಕ್ಸಲಿನ ಹಿಂದಕ್ಕೂ ಉದ್ದನೆಯ ಮನೆ ಚಾಚಿಕೊಂಡಿರುತ್ತದೆ. ಅಲ್ಲಿ ಸಾಮಾನು ತುಂಬಿದಷ್ಟೂ ತಕ್ಕಡಿಯಂತೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುತ್ತದೆ, ಮುಂದಿನ ಟೈರು ರಸ್ತೆಯನ್ನು ಗಟ್ಟಿಯಾಗಿ ಕಚ್ಚುವುದಿಲ್ಲ. ಲಾರಿಯ ಮುಂದೆ ನುಗ್ಗಿ ಬರುವ ಗಾಳಿ ಮೊದಲು ಆ ಹಿಂಭಾಗವನ್ನು ದೂಡಿ, ಮೂತಿಯನ್ನು ಲಾರಿಯ ಕಡೆಗೆ ತಿರುಗಿಸುತ್ತದೆ. ನೀರು, ಸಾಮಾನು, ಜನ ಎಲ್ಲ ಇರುವಾಗಲೇ ಪ್ರತಿ ಆಕ್ಸಲಿನ ತೂಕ ನೋಡಿ, ಸಾಧ್ಯವಾದಷ್ಟು ಭಾರವನ್ನು ಮುಂದಕ್ಕೆ ಸಾಗಿಸಿ, ಟೈರ್ ಕಂಪನಿಯ ಪಟ್ಟಿಯಲ್ಲಿ ಆ ತೂಕಕ್ಕೆ ಹೇಳಿರುವಷ್ಟು ಗಾಳಿ ಹಿಡಿಸಬೇಕು. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡವನ್ನೇ ತುಂಬಿಸುವವರು ಬಹಳ ಮಂದಿ. ಕಲ್ಲಿನಂತಾದ ಮುಂದಿನ ಟೈರು ಗಾಡಿಯನ್ನು ಅತ್ತಿತ್ತ ಅಲೆದಾಡಿಸುತ್ತದೆ. ಕಡಿಮೆ ಗಾಳಿ ಇನ್ನೂ ಅಪಾಯ, ಟೈರು ಕಾದು ಒಡೆಯುತ್ತದೆ. ಇದಾದ ಮೇಲೆ ಭಾರವಿರುವಾಗಲೇ ವ್ಹೀಲ್ ಅಲೈನ್‌ಮೆಂಟ್. ಆಮೇಲೂ ಬಾಲ ಅಲ್ಲಾಡಿದರೆ ಹಿಂದಿನ ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿಯುವ ಅಡ್ಡ ಸರಳನ್ನೂ, ವಾಲುವುದು ಹೆಚ್ಚಿದ್ದರೆ ದಪ್ಪನೆಯ ಸ್ಟೆಬಿಲೈಸರ್ ಬಾರನ್ನೂ ಹಾಕಿಸಬಹುದು. ಶಾಕ್ ಅಬ್ಸಾರ್ಬರಿನ ಸರದಿ ಕೊನೆಗೆ. ಕುಲುಕಾಟ ತಗ್ಗಬಹುದು, ಗಾಳಿಗೆ ಸರಿಯುವುದು ಅದರಿಂದ ನಿಲ್ಲದು.

ಪೆಟ್ರೋಲ್ ಬಂಕಿನಲ್ಲೂ ಈ ಬಾಲದ ಮೇಲೆ ಎಚ್ಚರವಿರಲಿ. ಎಡಕ್ಕೆ ತಿರುಗಿಸಿದರೆ ಹಿಂಭಾಗದ ಬಲಮೂಲೆ ಹೊರಕ್ಕೆ ಬೀಸುತ್ತದೆ. ಪಂಪಿಗೆ ತಾಗುವುದು ಆ ಮೂಲೆಯೇ.

ಪ್ರಶ್ನೆ: ಇಂಥ ಗಾಡಿ ಮಲೆನಾಡಿಗೆ ಹೊಂದೀತೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಂದದು. ಉದ್ದ ನಮ್ಮ ದೊಡ್ಡ ಬಸ್ಸಿಗಿಂತ ಹೆಚ್ಚೇನಲ್ಲ, ಆದರೆ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಮಿನಿಬಸ್ಸುಗಳೇ ಓಡುವುದು. ಸ್ಟೀರಿಂಗ್ ಎಡಗಡೆ, ಮುಂದಿನ ಬಸ್ಸಿನಾಚೆ ಎದುರಿನಿಂದ ಏನು ಬರುತ್ತಿದೆಯೆಂದು ಕಾಣದು. ಲೀಟರಿಗೆ ಮೂರು ಕಿಲೊಮೀಟರ್ ಸಿಕ್ಕಿತೆಂದುಕೊಂಡರೂ ಶಿವಮೊಗ್ಗದಿಂದ ಬೆಂಗಳೂರಿಗೆ ನೂರು ಲೀಟರ್ ಪೆಟ್ರೋಲ್ ಬೇಕು. ಟೆಂಪೊ ಟ್ರಾವೆಲರಿನಂಥ ಡೀಸೆಲ್ ವ್ಯಾನಿನ ಮೇಲೆ ಕಟ್ಟಿದ ಚಿಕ್ಕ ಕ್ಯಾರವಾನ್ ನಮ್ಮ ರಸ್ತೆಗಳಿಗೆ ಸಾಕು.