ಸುಲಿದ ಮೊಟ್ಟೆ ಸೆರಗಿಗೆ ಸೇರುವುದಿಲ್ಲ

ಓದುಗರ ಪತ್ರ: "ನಮ್ಮ ಸೊಸೆಗೆ ಈಗ ಐದು ತಿಂಗಳು. ದಿನಾ ಮಧ್ಯಾಹ್ನ ಅಂಗನವಾಡಿಗೆ ಬಂದು ಊಟ ಮಾಡಬೇಕು ಅಂತ ಟೀಚರ್ ಹೇಳಿ ಕಳಿಸುತ್ತಾರೆ. ಬಸುರಿ ಹೆಂಗಸು ಬಿಸಿಲಲ್ಲಿ ಅರ್ಧ ಕಿಲೋಮೀಟರ್ ನಡೆದು ಹೋಗಿ ಉಣ್ಣಬೇಕಾ? ಅಕ್ಕಿ, ಬೇಳೆ, ಮೊಟ್ಟೆ ಮನೆಗೇ ಕೊಟ್ಟರೆ ನಾವು ಬೇಯಿಸಿ ಹಾಕಲ್ವಾ? ನಮ್ಮ ಮನೆಯಲ್ಲಿ ಅನ್ನಕ್ಕೇನು ಬರವೇ? ಇನ್ನು ಕಬ್ಬಿಣದ ಮಾತ್ರೆ. ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಅವಳು ನಿಲ್ಲಿಸಿಬಿಟ್ಟಿದ್ದಾಳೆ." (ಅರಸೀಕೆರೆ ತಾಲ್ಲೂಕಿನ ಹಿರಿಯ ಓದುಗರೊಬ್ಬರು)

ಸಂಪಾದಕರ ಉತ್ತರ:

ಅಮ್ಮ, ನಿಮ್ಮ ಮನೆಯಲ್ಲಿ ಅನ್ನಕ್ಕೆ ಬರವಿಲ್ಲ, ಒಪ್ಪಿದೆ. ನಾನು ಕೇಳುವುದು ಬೇರೆ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವವರು ಯಾರು?

ನಮ್ಮ ಮನೆಯಲ್ಲಿ ಅಮ್ಮ. ಗಂಡಸರು, ಮಕ್ಕಳು ಉಂಡು ಎದ್ದ ಮೇಲೆ. ಅಷ್ಟೊತ್ತಿಗೆ ಸಾರಿನ ಪಾತ್ರೆಯಲ್ಲಿ ಕಾಳೆಲ್ಲ ಖಾಲಿಯಾಗಿ ಬರೀ ತಿಳಿ ಉಳಿದಿರುತ್ತಿತ್ತು. ಅವರನ್ನು ಯಾರೂ ಉಪವಾಸ ಕೆಡವಿರಲಿಲ್ಲ. ಬಡಿಸುವ ಕೈಯೂ ಅವರದೇ. ಆದರೂ ಹಾಗಾಗುತ್ತಿತ್ತು.

ಅಂಗನವಾಡಿಯ ಆ ಊಟ ಹುಟ್ಟಿದ್ದೇ ಇದಕ್ಕೆ. ಅದರ ಹೆಸರು ಮಾತೃಪೂರ್ಣ. ಆಂಧ್ರ, ತೆಲಂಗಾಣಗಳಲ್ಲಿ ಇಂಥದ್ದು ಮೊದಲೇ ಇತ್ತು. ನಮ್ಮಲ್ಲಿ ಕೆಲವು ತಾಲ್ಲೂಕುಗಳಲ್ಲಿ ಮಾಡಿ ನೋಡಿ, 2017ರ ಅಕ್ಟೋಬರ್ 2ರಂದು ಇಡೀ ರಾಜ್ಯಕ್ಕೆ ತಂದರು. ಅದಕ್ಕೂ ಮುಂಚೆ ಬಸುರಿಯರಿಗೆ, ಬಾಣಂತಿಯರಿಗೆ ಮನೆಗೆ ಒಯ್ಯುವ ಪೊಟ್ಟಣ ಕೊಡುತ್ತಿದ್ದರು. ನೀವು ಕೇಳುತ್ತಿರುವುದು ಅದನ್ನೇ. ಆ ಪೊಟ್ಟಣ ಮನೆಗೆ ಹೋಗಿ ಏನಾಗುತ್ತಿತ್ತು? ಎಲ್ಲರ ಪಾತ್ರೆಗೆ ಬೀಳುತ್ತಿತ್ತು. ಆರು ಜನರ ಮನೆಯಲ್ಲಿ ಬಸುರಿಗೆ ಬಂದದ್ದು ಆರರಲ್ಲಿ ಒಂದು ಪಾಲು. ಕೆಲವೊಮ್ಮೆ ಅದೂ ಇಲ್ಲ.

ಒಂದು ಹಳ್ಳಿಯ ಅಂಗನವಾಡಿಗೆ ಹೋಗಿದ್ದೆ. ಅನ್ನ, ಸೊಪ್ಪು ಹಾಕಿದ ಸಾಂಬಾರು, ಒಂದು ಮೊಟ್ಟೆ, ಕಡ್ಲೆಬೀಜದ ಚಿಕ್ಕಿ, 200 ಎಂ.ಎಲ್. ಹಾಲು. ತಿಂಗಳಿಗೆ 25 ದಿನ ಇದೇ ಲೆಕ್ಕ. ಮೊಟ್ಟೆ ತಿನ್ನದವರಿಗೆ ಮೊಳಕೆ ಬಂದ ಹೆಸರುಕಾಳು. ಸಹಾಯಕಿ ಒಂದು ಮೂಲೆಯಲ್ಲಿ ಕೂತು ಒಂದೊಂದೇ ಮೊಟ್ಟೆ ಸುಲಿದು ತಟ್ಟೆಗೆ ಇಡುತ್ತಿದ್ದರು. ಅವರೇ ಸುಲಿದುಕೊಳ್ಳಲಿ ಬಿಡಿ, ನಿಮಗ್ಯಾಕೆ ಇಷ್ಟು ಕೆಲಸ ಅಂದೆ. "ಸಿಪ್ಪೆ ಸಮೇತ ಕೊಟ್ರೆ ಸೆರಗಲ್ಲಿ ಕಟ್ಕೊಂಡು ಹೋಗ್ತಾರೆ, ದೊಡ್ಡ ಮಗುಗೆ ಅಂತ. ಸುಲಿದಿದ್ದನ್ನ ಕಟ್ಟೋಕಾಗಲ್ಲ ನೋಡಿ" ಅಂದರು. ಯಾವ ಸುತ್ತೋಲೆಯೂ ಇದನ್ನು ಆಕೆಗೆ ಹೇಳಿಕೊಟ್ಟಿರಲಾರದು.

ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಮಲೆನಾಡಿನಲ್ಲಿ ಒಂದು ಮನೆ ಈ ಗುಡ್ಡದಲ್ಲಿದ್ದರೆ ಇನ್ನೊಂದು ಆ ಗುಡ್ಡದಲ್ಲಿ. ಮಳೆಗಾಲದಲ್ಲಿ ಒಂಬತ್ತು ತಿಂಗಳ ಬಸುರಿ ಸಂಕ ದಾಟಿ ಊಟಕ್ಕೆ ಬಾ ಅಂದರೆ ಹೇಗೆ ಬರುತ್ತಾಳೆ? ಹಸಿ ಬಾಣಂತಿಯಂತೂ ಹೊಸಿಲು ದಾಟುವ ಹಾಗೇ ಇಲ್ಲ. ಕೂಲಿಗೆ ಹೋಗುವವಳಿಗೆ ಮಧ್ಯಾಹ್ನದ ಹೊತ್ತು ಅಂದರೆ ಅರ್ಧ ದಿನದ ದುಡ್ಡು. ಇಂಥವರಿಗೆ ಊಟ ಮನೆಗೇ ಹೋಗಬೇಕು, ಅದೂ ಬೇಯಿಸಿದ ಊಟ, ಡಬ್ಬಿಯಲ್ಲಿ. ಅಕ್ಕಿ, ಬೇಳೆ ಅಲ್ಲ. ಇದು ನನ್ನ ಅಭಿಪ್ರಾಯ. ನಿಮ್ಮ ಸೊಸೆಗೆ ಐದು ತಿಂಗಳು, ದಾರಿ ಅರ್ಧ ಕಿಲೋಮೀಟರ್. ಡಾಕ್ಟರ್ ಬೇಡ ಅನ್ನದಿದ್ದರೆ ನಡೆಯಲಿ ಬಿಡಿ.

ಇಷ್ಟೆಲ್ಲ ಮಾಡಿ ಏನು ಬದಲಾಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1975ರಲ್ಲಿ ದೇಶದಲ್ಲಿ ಈ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆಮೇಲೆ ಹತ್ತಾರು ವರ್ಷ ಕಳೆದು, 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು ಹಿಂದಿನ ಸಮೀಕ್ಷೆಯ 26ರಿಂದ ಸುಮಾರು 20ಕ್ಕೆ ಇಳಿದಿದ್ದರು, ಅದು ಸಮಾಧಾನ. ರಕ್ತಹೀನತೆ ಮಾತ್ರ ಇಳಿಯಲಿಲ್ಲ. ಮಕ್ಕಳಲ್ಲಿ ನೂರಕ್ಕೆ 61 ಇದ್ದದ್ದು 65 ದಾಟಿತು. ಬಸುರಿಯರಲ್ಲಿ 45ರ ಆಸುಪಾಸಿನಲ್ಲೇ ನಿಂತಿತ್ತು. ಅಂದರೆ ಒಂದು ಹೊತ್ತಿನ ಊಟ ಒಂದರಿಂದಲೇ ಆಗುವ ಕೆಲಸ ಇದಲ್ಲ.

ಅದಕ್ಕೇ ಆ ಕೆಂಪು ಮಾತ್ರೆ. ಬಸುರಿಯಲ್ಲಿ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ. ಹೊಟ್ಟೆ ತೊಳಸುವುದು ನಿಜ, ಸೊಸೆ ನೆಪ ಹೇಳುತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ, ರಾತ್ರಿ ಊಟವಾದ ಮೇಲೆ ನುಂಗಿ ಮಲಗಲಿ. ಜೊತೆಗೆ ನಿಂಬೆಹಣ್ಣಿನ ಪಾನಕ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀ, ಹಾಲಿನ ಜೊತೆ ಮಾತ್ರ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ನುಂಗಲಿ, ಎರಡೂ ಒಟ್ಟಿಗೆ ಹೋದರೆ ಒಂದನ್ನೊಂದು ತಡೆಯುತ್ತವೆ. ಮಲ ಕಪ್ಪಗಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಆಗಲೂ ವಾಂತಿ ನಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಅಥವಾ ಡಾಕ್ಟರಿಗೆ ಹೇಳಿ. ಸುಮ್ನೆ ನಿಲ್ಲಿಸಬಾರದು ಅಷ್ಟೇ.

ಹೆರಿಗೆ ಹತ್ತಿರ ಬಂದಾಗ ಮರೆಯಬಾರದು ಅಂತ ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹಸು ಕರು ಹಾಕಿದರೆ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಅಕ್ಕಪಕ್ಕದ ಮನೆಗೂ ಹಂಚುತ್ತೇವೆ, ಅಲ್ವಾ? ತಾಯಿಯ ಎದೆಯಲ್ಲಿ ಮೊದಲು ಬರುವ ಹಳದಿ ಹಾಲೂ ಅದೇ ಗಿಣ್ಣು. ಅದನ್ನು ಮಾತ್ರ ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಅದು ಮಗುವಿನ ಬಾಯಿಗೆ ಹೋಗಬೇಕು. ಜೇನುತುಪ್ಪ, ಸಕ್ಕರೆ ನೀರು ಯಾವುದೂ ಬೇಡ. ಆರು ತಿಂಗಳವರೆಗೆ ಬರೀ ಎದೆಹಾಲು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು ತಂಡಿ ಅಂತ ಬಿಡಿಸುವುದು, ಈ ಪಥ್ಯಗಳನ್ನು ಸಡಿಲ ಮಾಡುವ ಅಧಿಕಾರ ಮನೆಯಲ್ಲಿ ನಿಮಗೊಬ್ಬರಿಗೇ ಇರುವುದು. ಮೆಣಸಿನ ಸಾರು, ಬೆಳ್ಳುಳ್ಳಿ ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

ನಾಳೆ ಸೊಸೆಯ ಜೊತೆ ನೀವೂ ಅಂಗನವಾಡಿಗೆ ಒಮ್ಮೆ ಹೋಗಿ ಬನ್ನಿ. ಊಟ ಹೇಗಿದೆ ಅಂತ ಕಣ್ಣಾರೆ ನೋಡಿ. ಸಾಂಬಾರು ನೀರಾಗಿದ್ದರೆ, ಮೊಟ್ಟೆ ಕೊಡದಿದ್ದರೆ ಅಲ್ಲೇ ಕೇಳಿ. ಅಂಗನವಾಡಿಯನ್ನು ನೋಡಿಕೊಳ್ಳೋಕೆ ಊರಿನವರದೇ ಬಾಲವಿಕಾಸ ಸಮಿತಿ ಅಂತ ಇರುತ್ತದೆ, ಅಲ್ಲೂ ಕೇಳಿ. ಆದರೆ ಟೀಚರ್ ಮೇಲೆ ರೇಗಬೇಡಿ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಲೆಕ್ಕ ತುಂಬುವ ಮೊಬೈಲು ಹಿಡಿದವರು ಅವರು. ಅವರಿಗೆ ಸಿಗುವುದನ್ನು ಸಂಬಳ ಅಂತಲೂ ಕರೆಯುವುದಿಲ್ಲ, ಗೌರವಧನ ಅನ್ನುತ್ತಾರೆ. ಹೋಗುವಾಗ ಬಿಸಿಲಿಗೆ ಒಂದು ಕೊಡೆ ಹಿಡಿದುಕೊಳ್ಳಿ.